ಲಾಂಛನದ ಜೀವಗಳು ಮತ್ತು ಮಕ್ಕಳ ಕುಂಚ

(ಪಾಠಶಾಲೆಯ ಉಪಾಧ್ಯಾಯರಿಗೂ ಮನೆಯ ಹಿರಿಯರಿಗೂ ಒಂದು ಪಾಠ)



ಜಿನಬಿಂಬಗಳಲ್ಲಿ ವೀತರಾಗಮುದ್ರೆಯು ಒಂದೇ ತೆರನಾದುದು. ಇವರು ಯಾವ ತೀರ್ಥಂಕರರು ಎಂಬುದನ್ನು ಬಹುಮಟ್ಟಿಗೆ ಪೀಠದ ಮೇಲಿನ ಲಾಂಛನದಿಂದಲೇ ತಿಳಿಯಬೇಕು. ನಮ್ಮ ದಿಗಂಬರ ಪರಂಪರೆಯ ಇಪ್ಪತ್ತನಾಲ್ಕು ಲಾಂಛನಗಳಲ್ಲಿ ಕಮಲ, ಸ್ವಸ್ತಿಕ, ಚಂದ್ರ, ಕಲ್ಪವೃಕ್ಷ, ವಜ್ರ, ಕಲಶ, ನೀಲೋತ್ಪಲ ಎಂಬ ಏಳನ್ನು ಬಿಟ್ಟರೆ ಉಳಿದ ಹದಿನೇಳೂ ತ್ರಸಜೀವಗಳಿಗೆ ಸಂಬಂಧಿಸಿದವು. ವೃಷಭ, ಆನೆ, ಕುದುರೆ, ಕಪಿ, ಚಕ್ರವಾಕ, ಮೊಸಳೆ, ಖಡ್ಗಮೃಗ, ಕೋಣ, ವರಾಹ, ಕರಡಿ (ಕೆಲವರ ಮತದಲ್ಲಿ ಮುಳ್ಳುಹಂದಿ), ಜಿಂಕೆ, ಆಡು, ಮೀನು, ಆಮೆ, ಶಂಖ, ಸರ್ಪ, ಸಿಂಹ. ಇವುಗಳಲ್ಲಿ ಶಂಖವು ದ್ವೀಂದ್ರಿಯ ಜೀವಕ್ಕೆ ಶಾಸ್ತ್ರಗಳು ಕೊಡುವ ಪ್ರಸಿದ್ಧ ಉದಾಹರಣೆ.

ನಮ್ಮ ಮಕ್ಕಳು ಈ ಪಟ್ಟಿಯನ್ನು ಕಂಠಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಆ ಖಡ್ಗಮೃಗವು ಈಗ ಎಲ್ಲಿದೆ, ಆ ಕಪಿಯ ಕಾಡು ಏನಾಯಿತು, ಆ ಆಮೆಯು ಯಾರ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಬಂಧನದಲ್ಲಿದೆ ಎಂಬುದನ್ನು ಅವರು ಅರಿಯರು. ಜಿನಪೀಠದಲ್ಲಿ ನಾವು ನಿತ್ಯವೂ ನೋಡುವ ಜೀವಗಳು ಭೂಮಿಯ ಮೇಲಿಂದ ಅಳಿಯುತ್ತಿರುವಾಗ ಆ ವಿಷಯವು ನಮ್ಮ ಪಾಠಶಾಲೆಯ ಹೊರಗಿನದೆಂದು ಹೇಳಲು ಸಾಧ್ಯವೇ? ದಶಲಕ್ಷಣ ಪರ್ವಕ್ಕೆ ನಾಲ್ಕು ವಾರ ಮೊದಲು ಆರಂಭಿಸಿ ಚಿತ್ರಕಲೆಯ ಮೂಲಕ ಈ ವಿಷಯವನ್ನು ಮಕ್ಕಳಿಗೆ ಬೋಧಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಿದೆ. ಹತ್ತು ವರ್ಷದಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ತಕ್ಕುದು.

1. ಪೀಠದಿಂದ ಕಾಡಿಗೆ

ಮೊದಲು ಉಪಾಧ್ಯಾಯರು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಒಂದು ಜಾತಿಯ ಪ್ರಾಣಿಯು ಇಡೀ ಭೂಮಿಯಲ್ಲಿಯೇ ಇಲ್ಲವಾಗುವುದು ಒಂದು. ಒಂದು ದೇಶದಿಂದ ಮಾತ್ರ ಇಲ್ಲವಾಗುವುದು ಇನ್ನೊಂದು. ಮಾರಿಷಸ್ ದ್ವೀಪದ ಡೋಡೋ ಪಕ್ಷಿಯು 17ನೆಯ ಶತಮಾನದಲ್ಲಿ ಪೂರ್ಣವಾಗಿ ಅಳಿಯಿತು. ಅದನ್ನು ಮರಳಿ ತರುವ ದಾರಿಯಿಲ್ಲ. ಚೀತಾ ಭಾರತದಲ್ಲಿ ನಿರ್ನಾಮವಾಯಿತೆಂದು 1952ರಲ್ಲಿ ಘೋಷಿಸಲಾಯಿತು. ಆಫ್ರಿಕಾ ಖಂಡದಲ್ಲಿ ಅದು ಉಳಿದಿದ್ದುದರಿಂದ 2022ರಲ್ಲಿ ನಮೀಬಿಯಾದಿಂದ ಕೆಲವನ್ನು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ತರಲು ಸಾಧ್ಯವಾಯಿತು.

ಅನಂತರ ಲಾಂಛನಗಳನ್ನು ಒಂದೊಂದಾಗಿ ತೆಗೆದುಕೊಳ್ಳಬಹುದು.

ಮಹಾವೀರಸ್ವಾಮಿಯ ಸಿಂಹ: ಒಂದು ಕಾಲದಲ್ಲಿ ಪಶ್ಚಿಮ ಏಷ್ಯಾದಿಂದ ಬಿಹಾರದವರೆಗೆ ಇದ್ದ ಏಷ್ಯಾದ ಸಿಂಹವು 20ನೆಯ ಶತಮಾನದ ಆರಂಭಕ್ಕೆ ಗಿರ್ ಅರಣ್ಯವೊಂದರಲ್ಲಿ ಮಾತ್ರ, ಅತ್ಯಲ್ಪ ಸಂಖ್ಯೆಯಲ್ಲಿ ಉಳಿದಿತ್ತು. ರಕ್ಷಣೆಯ ಫಲವಾಗಿ 2025ರ ಗಣತಿಯಲ್ಲಿ 891 ಸಿಂಹಗಳು ಕಂಡುಬಂದವು. ನೇಮಿನಾಥಸ್ವಾಮಿಯ ನಿರ್ವಾಣಭೂಮಿಯಾದ ಗಿರ್ನಾರದ ಕಾಡಿನಲ್ಲಿಯೂ ಅವು ಇವೆ. ಆದರೆ ಎಲ್ಲವೂ ಸೌರಾಷ್ಟ್ರವೊಂದರಲ್ಲೇ ಇರುವುದು ಅಪಾಯ. 2018ರಲ್ಲಿ ಸಾಂಕ್ರಾಮಿಕ ರೋಗ ಹರಡಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು.

ಶ್ರೇಯಾಂಸನಾಥಸ್ವಾಮಿಯ ಖಡ್ಗಮೃಗ: ನಮ್ಮ ದೇಶದ ಒಂದು ಕೊಂಬಿನ ಖಡ್ಗಮೃಗವು ನೂರು ವರ್ಷಗಳ ಹಿಂದೆ ಸುಮಾರು ಇನ್ನೂರಕ್ಕೆ ಇಳಿದಿತ್ತು. ಇಂದು ಭಾರತ ಮತ್ತು ನೇಪಾಳಗಳಲ್ಲಿ ಸೇರಿ ಸುಮಾರು 4000 ಇವೆ. ಅದೇ ಕುಲದ ಜಾವಾ ಖಡ್ಗಮೃಗವು ಮಾತ್ರ ಇಂಡೋನೇಷ್ಯಾದ ಉಜುಂಗ್ ಕುಲೋನ್ ಎಂಬ ಒಂದೇ ಉದ್ಯಾನಕ್ಕೆ ಸೀಮಿತವಾಗಿದೆ.

ಪುಷ್ಪದಂತಸ್ವಾಮಿಯ ಮೊಸಳೆ: ಉತ್ತರದ ನದಿಗಳ ಉದ್ದ ಮೂತಿಯ ಘರಿಯಾಲ್ ನಾಶದ ಅಂಚಿಗೆ ಬಂದಾಗ 1975ರಲ್ಲಿ ಭಾರತ ಸರ್ಕಾರವು ಮೊಸಳೆಗಳ ಸಂರಕ್ಷಣಾ ಯೋಜನೆಯನ್ನು ಕೈಗೊಂಡಿತು. ಆದರೂ ಅದು ಇಂದಿಗೂ ಅತ್ಯಂತ ಅಪಾಯದಲ್ಲಿರುವ ಜೀವಗಳ ಸಾಲಿನಲ್ಲಿದೆ.

ವಿಮಲನಾಥಸ್ವಾಮಿಯ ವರಾಹ: ಹಿಮಾಲಯದ ತಪ್ಪಲಿನ ಎತ್ತರದ ಹುಲ್ಲುಗಾವಲುಗಳಲ್ಲಿ ಬದುಕುವ ಗಿಡ್ಡ ಕಾಡುಹಂದಿಯು ಅಳಿದೇ ಹೋಯಿತೆಂದು ಭಾವಿಸಿದ್ದಾಗ 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಕಾಣಿಸಿತು. ಅಳಿವಿನಂಚಿನಿಂದ ಒಂದು ಜೀವವು ಮರಳಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಅಭಿನಂದನಸ್ವಾಮಿಯ ಕಪಿ: ಪಶ್ಚಿಮಘಟ್ಟಗಳಲ್ಲಿ ಮಾತ್ರ ಇರುವ ಸಿಂಗಳೀಕವು ನಮ್ಮ ಉತ್ತರಕನ್ನಡದ ಅಘನಾಶಿನಿ ಕಣಿವೆಯಲ್ಲಿಯೂ ಇದೆ. ಮರದಿಂದ ಮರಕ್ಕೆ ಸಾಗಿ ಬದುಕುವ ಈ ಜೀವಕ್ಕೆ ಕಾಡು ತುಂಡಾದರೆ ದಾರಿಯೇ ಕಡಿದಂತೆ.

ಮುನಿಸುವ್ರತಸ್ವಾಮಿಯ ಆಮೆ: ಬೆನ್ನ ಮೇಲೆ ನಕ್ಷತ್ರದ ರೇಖೆಗಳುಳ್ಳ ನಕ್ಷತ್ರ ಆಮೆಯು ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡುಗಳ ಒಣಭೂಮಿಯ ಜೀವ. ಮನೆಯಲ್ಲಿಟ್ಟರೆ ಅದೃಷ್ಟ ಬರುವುದೆಂಬ ಮೂಢನಂಬಿಕೆಯಿಂದ ಅದನ್ನು ಕದ್ದು ಮಾರುತ್ತಾರೆ. ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ನಮ್ಮ ಶಾಸ್ತ್ರದಂತೆ ಅಹಿಂಸಾಣುವ್ರತದ ಮೊದಲನೆಯ ಅತಿಚಾರವಾದ ಬಂಧ.

2. ಒಂದು ಶಂಕೆ ಮತ್ತು ಸಮಾಧಾನ

ಇಲ್ಲಿ ವಿಚಾರವಂತರು ಒಂದು ಶಂಕೆಯನ್ನು ಎತ್ತುವುದುಂಟು. ಜೀವವು ಅನಾದಿನಿಧನ, ಆತ್ಮಕ್ಕೆ ನಾಶವಿಲ್ಲ. ಒಂದು ಪರ್ಯಾಯವು ಅಳಿದರೆ ಇನ್ನೊಂದು ಪರ್ಯಾಯವು ಬರುವುದು. ಹೀಗಿರುವಾಗ ಒಂದು ಪ್ರಾಣಿಜಾತಿಯು ಅಳಿಯಿತೆಂದು ದುಃಖಿಸುವುದು ಲೌಕಿಕ ಮೋಹವಲ್ಲವೇ? ವ್ರತೋಪವಾಸಗಳು ಆತ್ಮಶುದ್ಧಿಗಾಗಿ ಇರುವಾಗ ಕಾಡಿನ ಪ್ರಾಣಿಗಳನ್ನು ಎಣಿಸುವುದರಿಂದ ಏನು ಪ್ರಯೋಜನ?

ಶಂಕೆಯು ನ್ಯಾಯವಾದುದೇ. ಸಮಾಧಾನ ಹೀಗಿದೆ. ಪ್ರಮಾದಯೋಗದಿಂದ ಪ್ರಾಣಗಳನ್ನು ವಿಯೋಗಗೊಳಿಸುವುದೇ ಹಿಂಸೆ. ಆತ್ಮವು ಅಮರವೆಂಬ ಕಾರಣದಿಂದ ಹಿಂಸೆಯು ಹಿಂಸೆಯಲ್ಲವೆಂದು ಹೇಳಿದರೆ ಅಹಿಂಸಾವ್ರತಕ್ಕೇ ಅರ್ಥವುಳಿಯುವುದಿಲ್ಲ. ಇನ್ನು "ಜಾತಿ" ಎಂಬುದು ತಾನಾಗಿ ಸಾಯುವುದಿಲ್ಲ. ಬಲೆಗೆ ಬಿದ್ದ ಒಂದು ಜೀವ, ವಿಷ ತಿಂದ ಒಂದು ಜೀವ, ಕಾಡು ಕಡಿದುದರಿಂದ ಹಸಿದು ಸತ್ತ ಒಂದು ಜೀವ, ಹೀಗೆ ಒಂದೊಂದಾಗಿ ಪ್ರತಿಯೊಂದೂ ದಶಪ್ರಾಣಗಳನ್ನು ಕಳೆದುಕೊಂಡ ಮೇಲೆಯೇ ಜಾತಿಯ ಅಳಿವು. ಆದುದರಿಂದ ಒಂದು ಜಾತಿಯ ನಿರ್ನಾಮವೆಂದರೆ ಅನೇಕ ತಲೆಮಾರುಗಳ ಮನುಷ್ಯರು ಮಾಡಿದ, ಮಾಡಿಸಿದ, ಅನುಮೋದಿಸಿದ ಹಿಂಸೆಯ ಒಟ್ಟು ಮೊತ್ತ.

ಇನ್ನೊಂದು ಮಾತು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚರು ಸಮ್ಯಗ್ದರ್ಶನವನ್ನೂ ದೇಶವ್ರತಗಳನ್ನೂ ಪಡೆಯಬಲ್ಲರೆಂದು ನಮ್ಮ ಆಗಮವು ಒಪ್ಪುತ್ತದೆ. ಮಹಾವೀರಸ್ವಾಮಿಯ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ಮಾಂಸವನ್ನು ತ್ಯಜಿಸಿ, ನಿರಾಹಾರವಾಗಿ ಸಮಾಧಿಯನ್ನು ಪಡೆಯಿತು. ಪಾರ್ಶ್ವನಾಥಸ್ವಾಮಿಯ ಜೀವವು ವಜ್ರಘೋಷನೆಂಬ ಆನೆಯಾಗಿದ್ದಾಗ ಅರವಿಂದ ಮುನಿಗಳಿಂದ ವ್ರತವನ್ನು ಸ್ವೀಕರಿಸಿ ಉಪವಾಸಗಳಿಂದ ದೇಹವನ್ನು ಕೃಶಗೊಳಿಸಿತು. ಈ ಕಥೆಗಳನ್ನು ಕೇಳಿದ ಮಗುವಿಗೆ ಆನೆ, ಸಿಂಹಗಳು ಬರಿಯ ಮೃಗಗಳಲ್ಲ. ನಮ್ಮಂತೆಯೇ ವ್ರತಕ್ಕೆ ಪಾತ್ರವಾಗಬಲ್ಲ ಜೀವಗಳು. ಸಮ್ಯಗ್ದೃಷ್ಟಿಯ ಲಕ್ಷಣಗಳಾದ ಪ್ರಶಮ, ಸಂವೇಗ, ಅನುಕಂಪ, ಆಸ್ತಿಕ್ಯಗಳಲ್ಲಿ ಅನುಕಂಪವು ಈ ಅರಿವಿನಿಂದಲೇ ಬೆಳೆಯುತ್ತದೆ.

3. ಚಿತ್ರಕ್ಕಿರುವ ಬಲ

ಚಿತ್ರವೇ ಏಕೆ, ಉಪನ್ಯಾಸ ಸಾಲದೇ ಎಂದು ಕೇಳಬಹುದು. ಉತ್ತರವು ನಮ್ಮ ಕನ್ನಡದ ಜೈನಸಾಹಿತ್ಯದಲ್ಲಿಯೇ ಇದೆ. ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರಚರಿತೆಯ ಕಥೆಯನ್ನು ನೆನೆಯಿರಿ. ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಜೀವಂತ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಹಿಟ್ಟಿನಲ್ಲಿ ಪ್ರಾಣವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪಹಿಂಸೆಯಿಂದಲೇ ತಾಯಿಮಕ್ಕಳು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಿದರು.

ಆಕೃತಿಯನ್ನು ಕಡಿಯುವ ಭಾವವು ಪಾಪಬಂಧಕ್ಕೆ ಕಾರಣವಾಗುವುದಾದರೆ, ಆಕೃತಿಯನ್ನು ಕರುಣೆಯಿಂದ ರೂಪಿಸುವ ಭಾವವು ಶುಭಪರಿಣಾಮಕ್ಕೆ ಏಕೆ ಕಾರಣವಾಗಬಾರದು? ಒಂದು ಗಂಟೆ ಕುಳಿತು ಆಮೆಯ ಚಿಪ್ಪಿನ ರೇಖೆಗಳನ್ನು ಬರೆದ ಮಗುವಿನ ಮನಸ್ಸು ಆ ಒಂದು ಗಂಟೆ ಆಮೆಯಲ್ಲಿಯೇ ನೆಲೆಸಿರುತ್ತದೆ. ಇದನ್ನು ಉಪನ್ಯಾಸದಿಂದ ಸಾಧಿಸುವುದು ಕಷ್ಟ. ಪುದುಕ್ಕೋಟೆಯ ಸಿತ್ತನ್ನವಾಸಲ್ ಗುಹಾಬಸದಿಯ ಛಾವಣಿಯಲ್ಲಿ ಕಮಲಸರೋವರವನ್ನು ಬರೆದ ಕಲಾವಿದರು ಅದರಲ್ಲಿ ಮೀನು, ಹಕ್ಕಿ, ಆನೆಗಳನ್ನು ಬಿಟ್ಟಿಲ್ಲ. ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಗಳ ವೃಕ್ಷವೂ ಇದೆ. ಚಿತ್ರದಿಂದ ಧರ್ಮವನ್ನು ಬೋಧಿಸುವುದು ನಮಗೆ ಹೊಸತಲ್ಲ.

ಯಶೋಧರನ ಕಥೆಯಿಂದ ಮನೆಯವರೂ ಒಂದು ಪಾಠ ಕಲಿಯಬೇಕು. ಹುಟ್ಟುಹಬ್ಬದಲ್ಲಿ ಮೊಲದ ಅಥವಾ ಕರಡಿಯ ಆಕಾರದ ಕೇಕನ್ನು ಮಗುವಿನ ಕೈಯಿಂದ ಕತ್ತರಿಸಿ ಚಪ್ಪಾಳೆ ತಟ್ಟುವುದು ಹಿಟ್ಟಿನ ಕೋಳಿಗೆ ಎಷ್ಟು ದೂರ ಎಂಬುದನ್ನು ಆಲೋಚಿಸಲಿ.

4. ಕುಂಚದ ಶುದ್ಧಿ

ಈ ಪಾಠದ ಮುಖ್ಯಭಾಗ ಇದು. ಜೀವದಯೆಯ ಚಿತ್ರವನ್ನು ಬರೆಯಲು ಅಂಗಡಿಯಿಂದ ತಂದ ಕುಂಚವೇ ಒಂದು ಜೀವದ ಕೊಲೆಯಿಂದ ಬಂದುದಾದರೆ?

ಇದು ಕಲ್ಪನೆಯಲ್ಲ. ಚಿತ್ರಕಲೆಯ ಕುಂಚಗಳಿಗಾಗಿ ನಮ್ಮ ದೇಶದಲ್ಲಿ ಬಹುಕಾಲದಿಂದ ಮುಂಗುಸಿಯ ಕೂದಲನ್ನು ಬಳಸಿದ್ದಾರೆ. ಆ ಕೂದಲು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಯು ಚೂಪಾಗಿ ನಿಲ್ಲುತ್ತದೆ ಎಂಬುದೇ ಕಾರಣ. ಕುರಿಯ ಉಣ್ಣೆಯಂತೆ ಮುಂಗುಸಿಯ ಕೂದಲನ್ನು ಕತ್ತರಿಸಿ ಬಿಡುವುದಿಲ್ಲ. ಬಲೆಯಲ್ಲಿ ಹಿಡಿದು, ಕೊಂದು, ಕೂದಲನ್ನು ಕೀಳುತ್ತಾರೆ. ಒಂದು ಕಿಲೋ ಕೂದಲಿಗೆ ಸುಮಾರು ಐವತ್ತು ಮುಂಗುಸಿಗಳು ಬೇಕೆಂದು ಅಂದಾಜು. 1972ರ ಕಾಯಿದೆಯ ಅಡಿಯಲ್ಲಿ ಮುಂಗುಸಿಯು ರಕ್ಷಿತ ಪ್ರಾಣಿ; ಅದರ ಬೇಟೆಯೂ ಕೂದಲಿನ ವ್ಯಾಪಾರವೂ ಅಪರಾಧ. ಹಾಗಿದ್ದರೂ ಕಳ್ಳವ್ಯಾಪಾರ ನಿಲ್ಲದುದರಿಂದ 2019ರಲ್ಲಿ ಕೇಂದ್ರ ಸರ್ಕಾರದ ವನ್ಯಜೀವಿ ಅಪರಾಧ ನಿಯಂತ್ರಣ ಸಂಸ್ಥೆಯು "ಆಪರೇಷನ್ ಕ್ಲೀನ್ ಆರ್ಟ್" ಎಂಬ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ದಾಳಿ ನಡೆಸಿ ಇಂತಹ ಕುಂಚಗಳನ್ನೂ ಕೂದಲನ್ನೂ ವಶಪಡಿಸಿಕೊಂಡಿತು.

ನಮ್ಮ ಮುನಿಮಹಾರಾಜರ ಕೈಯಲ್ಲಿರುವ ಪಿಂಛಿಯನ್ನು ಇದರೊಡನೆ ಹೋಲಿಸಿ ನೋಡಿ. ಪಿಂಛಿಯು ಸಂಯಮೋಪಕರಣ, ಸೂಕ್ಷ್ಮಜೀವಗಳಿಗೆ ನೋವಾಗದಂತೆ ನೆಲವನ್ನು ಮಾರ್ಜನ ಮಾಡುವ ಸಾಧನ. ಅದರ ಗರಿಗಳು ನವಿಲು ತಾನಾಗಿ ಉದುರಿಸಿದವೇ ಆಗಿರಬೇಕು. ಜೀವರಕ್ಷಣೆಯ ಉಪಕರಣವೇ ಜೀವಹಿಂಸೆಯಿಂದ ಬಂದಿರಬಾರದೆಂಬುದು ಅಲ್ಲಿಯ ತತ್ತ್ವ. ಮಕ್ಕಳು ಪ್ರಾಣಿರಕ್ಷಣೆಗಾಗಿ ಹಿಡಿಯುವ ಕುಂಚಕ್ಕೂ ಇದೇ ತತ್ತ್ವವು ಅನ್ವಯಿಸಬೇಕು. ಪರ್ವದಲ್ಲಿ ತಾಯಿಯು ಏಕಾಶನ ಮಾಡಿ, ತಂದೆಯು ನೀರನ್ನು ಸೋಸಿ ಕುಡಿದು, ಮಗುವಿನ ಚೀಲದಲ್ಲಿ ಮಾತ್ರ ಮುಂಗುಸಿಯ ಕೂದಲಿನ ಕುಂಚವಿದ್ದರೆ ಆ ಮನೆಯ ವ್ರತದಲ್ಲಿ ಒಂದು ರಂಧ್ರ ಉಳಿದಂತೆಯೇ. ತಾನು ಕೊಲ್ಲಲಿಲ್ಲವೆಂಬುದು ಸಮಾಧಾನವಾಗದು. ಬೆಲೆ ಕೊಟ್ಟು ಕೊಳ್ಳುವವನು ಕಾರಿತ ಮತ್ತು ಅನುಮೋದನೆಗಳಿಂದ ಮುಕ್ತನಲ್ಲ.

ಗುರುತಿಸುವ ಬಗೆ: ಮುಂಗುಸಿಯ ಕೂದಲು ಒಂದೇ ಬಣ್ಣದ್ದಲ್ಲ, ತುದಿಯು ಕಪ್ಪಾಗಿ, ನಡುವೆ ತಿಳಿಬಣ್ಣವಾಗಿ, ಬುಡವು ಮತ್ತೆ ಕಪ್ಪಾಗಿ ಪಟ್ಟೆಪಟ್ಟೆಯಾಗಿ ಇರುತ್ತದೆ. ನೈಲಾನ್ ಎಳೆಗಳು ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ಹೊಳೆಯುತ್ತವೆ. ಸಂದೇಹವಿದ್ದರೆ ಕೊಳ್ಳಬಾರದು. ಅಳಿಲು ಮೊದಲಾದ ಇತರ ಪ್ರಾಣಿಗಳ ಕೂದಲಿನ ಕುಂಚಗಳೂ ಬರುತ್ತವೆ. ಶ್ರಾವಕರ ಮನೆಗೆ ಅವೂ ಬೇಡ. ನೈಲಾನ್ ಕುಂಚ, ಬಿದಿರುಕಡ್ಡಿಗೆ ಸುತ್ತಿದ ಹತ್ತಿ, ಜಜ್ಜಿದ ತೆಂಗಿನ ನಾರು ಇವೇ ಸಾಕು.

ಬಣ್ಣಗಳಿಗಾಗಿ ಕೆಮ್ಮಣ್ಣು, ಇದ್ದಿಲು, ಸುಣ್ಣ, ಅರಿಸಿನದ ಪುಡಿ, ನೆಲಕ್ಕೆ ಉದುರಿದ ಪಾರಿಜಾತದ ತೊಟ್ಟು ಇವುಗಳನ್ನು ಬಳಸಬಹುದು. ಬೀಟ್‌ರೂಟಿನ ಕೆಂಪು ಸುಲಭವೆಂದು ತೋರಿದರೂ ಅದು ಕಂದಮೂಲವಾದುದರಿಂದ ಬಿಡುವುದು ಲೇಸು. ಬಣ್ಣದ ನೀರಿನ ಪಾತ್ರೆಯನ್ನು ತೆರೆದಿಟ್ಟು ಅದರಲ್ಲಿ ಇರುವೆ, ನೊಣಗಳು ಬೀಳುವಂತೆ ಮಾಡಬಾರದು. ಈ ಎಚ್ಚರಗಳೆಲ್ಲ ಸೇರಿಯೇ ಪಾಠ. ಚಿತ್ರವು ಅದರ ಒಂದು ಅಂಗ ಮಾತ್ರ.

5. ನಾಲ್ಕು ವಾರಗಳ ಪಾಠಕ್ರಮ

ಮೊದಲನೆಯ ವಾರ: ಪ್ರತಿಯೊಂದು ಮಗುವು ಒಂದು ಲಾಂಛನವನ್ನು ಆರಿಸಿಕೊಳ್ಳಲಿ. ಬಸದಿಗೆ ಹೋಗಿ ಪೀಠದ ಮೇಲೆ ಅದನ್ನು ಶಿಲ್ಪಿಯು ಹೇಗೆ ಕೆತ್ತಿರುವನೆಂದು ನೋಡಿ, ಇದ್ದಿಲಿನಿಂದ ರೇಖಾಚಿತ್ರವನ್ನು ಬರೆಯಲಿ. ಆ ಪ್ರಾಣಿ ಎಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ, ಈಗ ಎಷ್ಟು ಉಳಿದಿವೆ ಎಂಬ ಮೂರು ಸಂಗತಿಗಳನ್ನು ಚಿತ್ರದ ಕೆಳಗೆ ಬರೆಯಲಿ.

ಎರಡನೆಯ ವಾರ: ಷಡ್ಲೇಶ್ಯೆಗಳ ವೃಕ್ಷ. ಹಣ್ಣಿಗಾಗಿ ಮರವನ್ನು ಬುಡಸಹಿತ ಕೀಳಬಯಸುವವನು ಕೃಷ್ಣಲೇಶ್ಯೆಯವನು. ಬಿದ್ದ ಹಣ್ಣನ್ನು ಆರಿಸುವವನು ಶುಕ್ಲಲೇಶ್ಯೆಯವನು. ಕಾಂಡವನ್ನು, ದೊಡ್ಡ ಕೊಂಬೆಯನ್ನು, ಸಣ್ಣ ರೆಂಬೆಯನ್ನು ಕಡಿಯುವವರೂ ಹಣ್ಣನ್ನು ಮಾತ್ರ ಕೊಯ್ಯುವವನೂ ನಡುವಿನವರು. ಈ ಚಿತ್ರದಲ್ಲಿ ಒಂದನ್ನು ಸೇರಿಸಿ: ಮರದ ಮೇಲೆ ಮರಿಯನ್ನು ಅಪ್ಪಿ ಕುಳಿತ ಸಿಂಗಳೀಕ. ಆರು ಮಂದಿಯ ಕೆಲಸದಿಂದ ಅದಕ್ಕೆ ಏನಾಗುವುದೆಂದು ಮಕ್ಕಳೇ ಹೇಳಲಿ. ಬೇಟೆಗಾರನ ಬಾಣವಿಲ್ಲದೆಯೂ ಜೀವಗಳು ಅಳಿಯುವ ಬಗೆಯನ್ನು ಅವರು ಆಗ ತಾವಾಗಿ ಕಂಡುಕೊಳ್ಳುತ್ತಾರೆ.

ಮೂರನೆಯ ವಾರ: ಸಮವಸರಣದ ಹನ್ನೆರಡನೆಯ ಕೋಷ್ಠ. ತಿರ್ಯಂಚರು ಜಾತಿವೈರವನ್ನು ಮರೆತು ಕುಳಿತಿರುವ ದೃಶ್ಯವನ್ನು ಎಲ್ಲರೂ ಸೇರಿ ಒಂದೇ ದೊಡ್ಡ ಹಾಳೆಯಲ್ಲಿ ಬರೆಯಲಿ. ಇಂದು ಅಳಿದಿರುವ ಅಥವಾ ಅಳಿವಿನಂಚಿನಲ್ಲಿರುವ ಪ್ರಾಣಿಯ ಸ್ಥಳವನ್ನು ಬಣ್ಣ ತುಂಬದೆ ಬರಿಯ ರೇಖೆಯಾಗಿ ಬಿಡಲಿ. ಆ ಬಿಳಿಯ ಜಾಗಗಳು ಹೇಳುವುದನ್ನು ಮಾತಿನಿಂದ ವಿವರಿಸಬೇಕಾಗಿಲ್ಲ.

ನಾಲ್ಕನೆಯ ವಾರ: ಚಿತ್ರಗಳ ಪ್ರದರ್ಶನ. ಇದರಲ್ಲಿ ಮೊದಲನೆಯ, ಎರಡನೆಯ ಬಹುಮಾನಗಳನ್ನು ಇಡದಿರುವುದು ಉತ್ತಮ. ಬಹುಮಾನವು ಮಾನಕಷಾಯವನ್ನು ಬೆಳೆಸುತ್ತದೆ. ಸೋತ ಮಗುವು ತನ್ನ ಆಮೆಯನ್ನು ಮರೆತು ಅಂಕಗಳನ್ನು ನೆನೆಯುತ್ತದೆ. ಪ್ರದರ್ಶನದ ಅನಂತರ ಚಿತ್ರಗಳನ್ನು ಹರಿದು ಎಸೆಯಬಾರದು, ಕಾಲಿಗೆ ಸಿಗುವಂತೆ ಬಿಡಬಾರದು. ಮನೆಯಲ್ಲಿ ಕಾಣುವಂತೆ ಇಡಬೇಕು.

6. ಮೂಕಜೀವಗಳ ಪರವಾಗಿ ನುಡಿಯುವ ಕ್ರಮ

ಚಿತ್ರವು ಗೋಡೆಯ ಮೇಲೆ ನಿಂತರೆ ಅರ್ಧ ಕೆಲಸವಾದಂತೆ. ಮಾತಾಡಲಾರದ ಜೀವಗಳ ಪರವಾಗಿ ಮಾತಾಡುವುದು ಉಳಿದ ಅರ್ಧ.

ಇದರಿಂದ ಫಲವುಂಟೇ ಎನ್ನುವವರಿಗೆ ಒಂದು ನಿದರ್ಶನ. ಗುಜರಾತಿನ ಕಡಲತೀರದಲ್ಲಿ ತಿಮಿಂಗಿಲ ಶಾರ್ಕ್ ಎಂಬ ಬೃಹದಾಕಾರದ ಸಾಧು ಮೀನನ್ನು ಯಕೃತ್ತಿನ ಎಣ್ಣೆಗೂ ಮಾಂಸಕ್ಕೂ ಕೊಲ್ಲುತ್ತಿದ್ದರು. 2001ರಲ್ಲಿ ಕಾಯಿದೆಯ ರಕ್ಷಣೆ ದೊರೆಯಿತಾದರೂ ಮೀನುಗಾರರ ಮನಸ್ಸಿಗೆ ಅದು ಮುಟ್ಟಿರಲಿಲ್ಲ. 2004ರಲ್ಲಿ ಆರಂಭವಾದ ಪ್ರಚಾರದಲ್ಲಿ ಆ ಮೀನಿನ ಗಾತ್ರದ ಮಾದರಿಯೊಂದನ್ನು ಊರೂರಿಗೆ ಒಯ್ದರು, ಬೀದಿನಾಟಕಗಳನ್ನು ಆಡಿದರು. ರಾಮಕಥೆಯ ಪ್ರವಚನಕಾರರಾದ ಮೊರಾರಿ ಬಾಪು ಅವರು ಅದನ್ನು ಹೆರಿಗೆಗಾಗಿ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಆ ಹೋಲಿಕೆಯು ನಾಟಿತು. ಕೊಲ್ಲುತ್ತಿದ್ದ ಕೈಗಳೇ ತಮ್ಮ ಬಲೆಯನ್ನು ಕತ್ತರಿಸಿ ನೂರಾರು ಮೀನುಗಳನ್ನು ಕಡಲಿಗೆ ಬಿಟ್ಟಿವೆ. ಅರನಾಥಸ್ವಾಮಿಯ ಲಾಂಛನವು ಮೀನೆಂಬುದನ್ನು ಇಲ್ಲಿ ಮಕ್ಕಳಿಗೆ ನೆನಪಿಸಬಹುದು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿಯೂ ಅಣೆಕಟ್ಟಿನಿಂದ ಮುಳುಗಲಿದ್ದ ಸಿಂಗಳೀಕಗಳ ಕಾಡಿಗಾಗಿ ಸುಗತಕುಮಾರಿಯವರೇ ಮೊದಲಾದ ಕವಿಗಳು ವಿಜ್ಞಾನಿಗಳೊಡನೆ ನಿಂತರು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

ಹೀಗೆ ನುಡಿಯುವಾಗಲೂ ವ್ರತವನ್ನು ಮರೆಯಬಾರದು. ಮಾತು ಹಿತವಾಗಿ, ಮಿತವಾಗಿ, ಪ್ರಿಯವಾಗಿ, ಸತ್ಯವಾಗಿ ಇರಬೇಕು. ಕರುಣೆ ಹುಟ್ಟಿಸಲೆಂದು ಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡಿ ಹೇಳುವುದು ಸತ್ಯಾಣುವ್ರತಕ್ಕೆ ದೋಷ. ಬೇಟೆಗಾರನನ್ನು ರಾಕ್ಷಸನಂತೆ ಬರೆದು ಅವನ ನಾಶವನ್ನು ಬಯಸುವುದು ಅಪಧ್ಯಾನ. ಅದು ಅನರ್ಥದಂಡಗಳಲ್ಲಿ ಒಂದು. ಬಲೆಯಲ್ಲಿರುವ ಜೀವಕ್ಕೂ ಬಲೆ ಬೀಸಿದ ಜೀವಕ್ಕೂ ಒಳಿತನ್ನೇ ಬಯಸುವುದು ಜೈನನ ರೀತಿ.

ಮಕ್ಕಳು ಮಾಡಬಹುದಾದ ಕಾರ್ಯಗಳು ಇವು: ಊರಿನ ಲೇಖನಸಾಮಗ್ರಿಯ ಅಂಗಡಿಗೆ ತಮ್ಮ ಮುಂಗುಸಿಯ ಚಿತ್ರವೊಂದನ್ನು ಒಯ್ದು, ಪ್ರಾಣಿಯ ಕೂದಲಿನ ಕುಂಚವನ್ನು ಮಾರದಿರಲು ವಿನಯದಿಂದ ಕೇಳುವುದು, ತಾವು ಓದುವ ಶಾಲೆಯ ಚಿತ್ರಕಲಾ ಅಧ್ಯಾಪಕರಿಗೆ ಇದೇ ವಿಷಯವನ್ನು ತಿಳಿಸಿ ಪತ್ರ ಬರೆಯುವುದು, ಎಲ್ಲಿಯಾದರೂ ನಕ್ಷತ್ರ ಆಮೆಯನ್ನು ಕೂಡಿಹಾಕಿದ್ದರೆ ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸುವುದು. ತಾವಾಗಿ ಅದನ್ನು ಒಯ್ದು ಎಲ್ಲೆಂದರಲ್ಲಿ ಬಿಡಬಾರದು. ಅಪರಿಚಿತ ನೆಲದಲ್ಲಿ ಅದು ಸಾಯಬಹುದು.

7. ನಿಯಮಗ್ರಹಣ

ಜೀವನಪರ್ಯಂತದ ತ್ಯಾಗವು ಯಮ. ಕಾಲದ ಮಿತಿಯುಳ್ಳದ್ದು ನಿಯಮ. ಮಕ್ಕಳಿಗೆ ನಿಯಮವನ್ನೇ ಕೊಡಬೇಕು. ಪಾಲಿಸಲಾರದ ಪ್ರತಿಜ್ಞೆಯಿಂದ ವ್ರತಭಂಗದ ಅಭ್ಯಾಸವಾಗುತ್ತದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಹತ್ತು ದಿನ ಈ ಮೂರು ನಿಯಮಗಳು ಸಾಕು: ಪ್ರಾಣಿಯ ಕೂದಲು, ಚರ್ಮ, ದಂತ, ಚಿಪ್ಪುಗಳಿಂದಾದ ವಸ್ತುವನ್ನು ಕೊಳ್ಳುವುದಿಲ್ಲ, ಪ್ರಾಣಿಯ ಆಕಾರದ ತಿನಿಸನ್ನು ಕತ್ತರಿಸಿ ತಿನ್ನುವುದಿಲ್ಲ, ಪ್ರತಿದಿನವೂ ಒಂದು ಲಾಂಛನಜೀವವನ್ನು ನೆನೆದು ಅದರ ಕ್ಷೇಮವನ್ನು ಭಾವಿಸುತ್ತೇನೆ. ಹಿರಿಯರು ಉಪವಾಸದ ದಿನ ಉಳಿದ ಸಮಯವನ್ನು ಮಕ್ಕಳ ಪಕ್ಕದಲ್ಲಿ ಕುಳಿತು ಈ ಕಾರ್ಯದಲ್ಲಿ ಕಳೆಯಲಿ. ಆಹಾರದೊಡನೆ ಕಷಾಯಗಳನ್ನೂ ಬಿಟ್ಟಾಗಲೇ ಉಪವಾಸವು ಪೂರ್ಣ. ಹತ್ತು ದಿನ ಪಾಲಿಸಿದ ಮಗುವು ತಾನಾಗಿ ಮುಂದುವರಿಸಲು ಬಯಸಿದರೆ ಅದನ್ನು ಗುರುಗಳ ಸಮ್ಮುಖದಲ್ಲಿ ಒಂದು ವರ್ಷದ ನಿಯಮವನ್ನಾಗಿ ಮಾಡಬಹುದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಹದಿನೇಳು ತ್ರಸಜೀವ ಲಾಂಛನಗಳನ್ನು ತೀರ್ಥಂಕರರ ಹೆಸರಿನೊಡನೆ ಬರೆಯಿರಿ.
2. ಒಂದು ದೇಶದಿಂದ ಅಳಿಯುವುದಕ್ಕೂ ಭೂಮಿಯಿಂದಲೇ ಅಳಿಯುವುದಕ್ಕೂ ಇರುವ ಭೇದವನ್ನು ಉದಾಹರಣೆಯೊಡನೆ ತಿಳಿಸಿ.
3. ಹಿಟ್ಟಿನ ಕೋಳಿಗೆ ಪ್ರಾಣವಿಲ್ಲದಿದ್ದರೂ ಯಶೋಧರನಿಗೆ ಪಾಪಬಂಧವಾದುದೇಕೆ?
4. ಮುನಿಗಳ ಪಿಂಛಿಗೂ ಮುಂಗುಸಿಯ ಕೂದಲಿನ ಕುಂಚಕ್ಕೂ ಇರುವ ವ್ಯತ್ಯಾಸವೇನು?
5. ಕೃತ, ಕಾರಿತ, ಅನುಮೋದನೆಗಳ ಅರ್ಥವನ್ನು ನಿಮ್ಮ ಮನೆಯ ಒಂದು ವಸ್ತುವನ್ನು ಉದಾಹರಿಸಿ ವಿವರಿಸಿ.
6. ನಿಮ್ಮ ಮನೆಯ ಕುಂಚಗಳನ್ನು ಹಿರಿಯರೊಡನೆ ಪರೀಕ್ಷಿಸಿ ಕಂಡುದನ್ನು ಬರೆಯಿರಿ.

ಆರನೆಯ ಪ್ರಶ್ನೆಯ ಉತ್ತರವನ್ನು ಮಕ್ಕಳೊಡನೆ ತಂದೆತಾಯಿಗಳೂ ಓದತಕ್ಕದ್ದು.